ಬಿಲ್ಲಿನಲ್ಲಿ ಇಲ್ಲದ ಐಟಂ: ಮಳೆಗಾಲದ ಮಂಗಳೂರಲ್ಲಿ ಒಂದು ದಿನ

ಹೋಟೆಲ್ ಹೇಗಿದೆ ಅಂತ ನೋಡುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅಲ್ಲಿ ಯಾವುದು ಫೇಮಸ್ಸೋ ಅದನ್ನು ಮೊದಲು ಮುಟ್ಟುವುದಿಲ್ಲ. ಯಾವುದಕ್ಕೆ ಬೇರೆ ದುಡ್ಡು ಹಾಕುವುದಿಲ್ಲವೋ ಅದನ್ನು ಮೊದಲು ಬಾಯಿಗೆ ಹಾಕುತ್ತೇನೆ. ತಿಂಡಿ ಜೊತೆ ಬರುವ ಚಟ್ನಿ, ಊಟದ ಜೊತೆ ಬರುವ ಮೀನು ಸಾರು. ದುಡ್ಡು ಬರುವ ಐಟಂ ಎಲ್ಲರೂ ಮುತುವರ್ಜಿಯಿಂದ ಮಾಡುತ್ತಾರೆ. ಅಡುಗೆಮನೆಯ ಬುದ್ಧಿ ಗೊತ್ತಾಗುವುದು ಸುಮ್ನೆ ಕೊಡುವುದರಲ್ಲಿ.

ಇವತ್ತು ಮಂಗಳೂರು. ಜುಲೈ ತಿಂಗಳು, ಎಂತ ಮಳೆ ಮಾರಾಯ್ರೆ! ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕಟ್ಟಿಕೊಂಡು ತಿರುಗಿದ್ದೇನೆ. ಕೆಲವು ಕಡೆ ಚಿತ್ರ ಮಬ್ಬಾಗಿದೆ, ಅಡ್ಜಸ್ಟ್ ಮಾಡಿಕೊಳ್ಳಿ.

ಬೆಳಿಗ್ಗೆ ಹಂಪನಕಟ್ಟೆ ಹತ್ತಿರದ ಒಂದು ಹಳೇ ಹೋಟೆಲಿಗೆ ಬಂದೆ. ಬನ್ಸ್, ಗೋಳಿಬಜೆ, ಕಾಫಿ. ಬೆಂಗಳೂರಿಂದ ನೋಡುತ್ತಿರುವವರಿಗೆ ಹೇಳಿಬಿಡುತ್ತೇನೆ, ಇದು ಬೇಕರಿ ಬನ್ ಅಲ್ಲ. ಚೆನ್ನಾಗಿ ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ಹಿಟ್ಟು ಕಲಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಲಟ್ಟಿಸಿ ಎಣ್ಣೆಯಲ್ಲಿ ಕರಿಯುತ್ತಾರೆ. ಹರಿದಾಗ ಒಳಗೆ ಜಾಳು ಜಾಳಾಗಿ ಇರಬೇಕು, ಬಾಳೆಹಣ್ಣಿನ ವಾಸನೆ ಬರಬೇಕು. ಇಲ್ಲಿಯದು ಸರಿಯಾಗಿ ಇತ್ತು. ಆದರೆ ಚಟ್ನಿ? ತೆಂಗಿನಕಾಯಿಗಿಂತ ಹುರಿಗಡಲೆ ಜಾಸ್ತಿ. ಮನೆ ಹಿತ್ತಲಲ್ಲೇ ತೆಂಗಿನ ಮರ ಇರುವ ಊರಲ್ಲಿ ಹುರಿಗಡಲೆ ಚಟ್ನಿ ಕೊಟ್ಟರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಕಾಯಿಗೆ ಈಗ ರೇಟ್ ಜಾಸ್ತಿ, ಗೊತ್ತು. ಹಾಗಂದರೆ ಚಟ್ನಿ ಕಡಿಮೆ ಹಾಕಲಿ, ಕಾಯಿ ಹಾಕಲಿ. ಕಾಫಿ ಬಗ್ಗೆ ಹೇಳುವಂಥದ್ದು ಏನಿಲ್ಲ.

ಮಧ್ಯಾಹ್ನ ಬಂದರ್ ಕಡೆ ಹೊರಟೆ. ದಾರಿಯಲ್ಲಿ ದಕ್ಕೆಯನ್ನು, ಅಂದರೆ ಮೀನಿನ ಬೋಟು ನಿಲ್ಲುವ ಕಟ್ಟೆಯನ್ನು ನೋಡಿ, ಬೋಟುಗಳೆಲ್ಲ ಒತ್ತೊತ್ತಾಗಿ ನಿಂತಿವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಟ್ಟು ಮರಿಗಳು ಬೆಳೆಯಲಿ ಅಂತ. ನಾಡದೋಣಿಯವರು ಕಡಲು ಸ್ವಲ್ಪ ತಣ್ಣಗಾದ ದಿನ ಹೋಗಿ ಬರುತ್ತಾರೆ. ಪೂರ್ವ ಕರಾವಳಿಯಲ್ಲಿ ಈ ರಜೆ ಏಪ್ರಿಲ್ 15ರಿಂದ ಜೂನ್ 14ರ ತನಕ. ಹಾಗಾಗಿ ನಮ್ಮಲ್ಲಿ ಬೋಟು ನಿಂತಿರುವಾಗ ಅಲ್ಲಿಯ ಮೀನು ಐಸಿನಲ್ಲಿ ಕೂತು ಲಾರಿ ಹತ್ತಿ ಬರುತ್ತದೆ. ಈಗ ಹೇಳಿ, ಜುಲೈಯಲ್ಲಿ ಒಂದು ಹೋಟೆಲಿನ ಮೆನುವಿನಲ್ಲಿ ಅಂಜಲ್, ಕಾಣೆ, ಪಾಂಫ್ರೆಟ್, ಸಿಗಡಿ ಎಲ್ಲವೂ "ಫ್ರೆಶ್" ಅಂತ ಬರೆದಿದ್ದರೆ ಏನಂದುಕೊಳ್ಳಬೇಕು?

ಅದಕ್ಕೇ ನಾನು ಮೀನಿನ ಹೋಟೆಲ್ ನೋಡುವುದಕ್ಕೆ ಮಳೆಗಾಲದಲ್ಲೇ ಬರುವುದು. ಡಿಸೆಂಬರಿನಲ್ಲಿ ಯಾರು ಬೇಕಾದರೂ ಒಳ್ಳೆ ಮೀನು ಕೊಡುತ್ತಾರೆ.

ಬಂದರಿನ ಸಣ್ಣ ಹೋಟೆಲ್. ಮೇಜು ಹಂಚಿಕೊಂಡು ಕೂರಬೇಕು, ಊಟ ಮುಗಿಸುವ ಮೊದಲೇ ಹಿಂದೆ ಯಾರೋ ನಿಂತಿರುತ್ತಾರೆ. "ಕಾಣೆ ಉಂಟಾ ಅಣ್ಣಾ?" ಅಂದೆ. "ಇಲ್ಲ ಸರ್. ಬಂದದ್ದು ಒಳ್ಳೇದಿಲ್ಲ, ತಗೊಳ್ಳಲಿಲ್ಲ. ಬಂಗುಡೆ ಉಂಟು, ಬೂತಾಯಿ ಉಂಟು." ಪಕ್ಕದಲ್ಲಿದ್ದವರು "ಕಾಣೆ ಇಜ್ಜಿಯಾ!" ಅಂತ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಖುಷಿ ಆಯಿತು. ಇಲ್ಲ ಅನ್ನುವ ಸಪ್ಲಾಯರ್ ಸಿಕ್ಕಿದರೆ ಅರ್ಧ ಕೆಲಸ ಆಯಿತು.

ಕುಚ್ಚಲಕ್ಕಿ ಅನ್ನ ಬಂತು, ಮೇಲೆ ಸಾರು ಬಂತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಈ ಸಾರಿನಲ್ಲಿ ಮೀನಿನ ತುಂಡು ಇರುವುದಿಲ್ಲ, ಇದ್ದರೂ ತಲೆಯೋ ಬಾಲವೋ. ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಚೂರು ಮೆಂತ್ಯ, ಓಮ, ಬೆಳ್ಳುಳ್ಳಿ, ಹುಳಿ, ಕಾಯಿ, ಇಷ್ಟೇ. ಮಸಾಲೆ ಆಗಷ್ಟೇ ಅರೆದದ್ದಾದರೆ ಬಣ್ಣ ಕೆಂಪಗಿದ್ದರೂ ಖಾರ ನೆತ್ತಿಗೆ ಏರುವುದಿಲ್ಲ, ಬ್ಯಾಡಗಿಯ ಗುಣವೇ ಅದು. ಪುಡಿ ಹಾಕಿದ ಸಾರು ನಾಲಗೆ ಮೇಲೆ ಒರಟಾಗಿ ಕೂರುತ್ತದೆ. ನಿನ್ನೆಯ ಸಾರಿಗೆ ನೀರು ಹಾಕಿ ಕುದಿಸಿದ್ದರೆ ಕಾಯಿ ಒಡೆದು ಎಣ್ಣೆ ಬೇರೆ ತೇಲುತ್ತದೆ, ಹುಳಿ ಮುಂದೆ ಬರುತ್ತದೆ. ಇಲ್ಲಿಯದು ಇವತ್ತಿನದೇ. ಓಮದ ಘಮ ಕೊನೆಯಲ್ಲಿ ಬರುತ್ತಿತ್ತು. ಎರಡನೇ ಸಲ ಕೇಳಿದಾಗಲೂ ಬಿಸಿಯಾಗಿಯೇ ಹಾಕಿದರು. ನನ್ನ ಮಟ್ಟಿಗೆ ಪರೀಕ್ಷೆ ಇಲ್ಲಿಗೇ ಮುಗಿಯಿತು, ಹೋಟೆಲ್ ಪಾಸ್.

ಆದರೂ ಬಂಗುಡೆ ತವಾ ಫ್ರೈ ಹೇಳಿದೆ. ರವಾ ಫ್ರೈ ಅಲ್ಲ. ರವೆ ಗರಿಗರಿಯಾಗಿರುತ್ತದೆ ನಿಜ, ಆದರೆ ಹಳೇ ಮೀನಿಗೆ ಅದರಷ್ಟು ಒಳ್ಳೆ ಕಂಬಳಿ ಇನ್ನೊಂದಿಲ್ಲ. ತವಾದಲ್ಲಿ ಮೀನು ಅಡಗಿ ಕೂರುವುದಕ್ಕೆ ಆಗುವುದಿಲ್ಲ. ಬೆರಳಿನಲ್ಲಿ ಒತ್ತಿದರೆ ಮಾಂಸ ಪದರ ಪದರವಾಗಿ ಮುಳ್ಳು ಬಿಟ್ಟು ಬರಬೇಕು, ಹಿಟ್ಟಿನ ಹಾಗೆ ಮೆತ್ತಗಾಗಬಾರದು. ಮೇಲಿನ ಮಸಾಲೆ ತೆಂಗಿನೆಣ್ಣೆಯಲ್ಲಿ ಅಂಚು ಕಪ್ಪಾಗುವ ತನಕ ಹುರಿದಿತ್ತು. ಉಪ್ಪು ಒಂದು ಚಿಟಿಕೆ ಜಾಸ್ತಿ. ನಾನು ಜಾಸ್ತಿ ಅನ್ನ ಹಾಕಿಸಿಕೊಂಡೆ.

ಒಂದು ಮಾತು, ಫ್ರೈ ಹೇಳುವ ಮೊದಲು ರೇಟ್ ಕೇಳಿ. ನಾಚಿಕೆ ಬೇಡ. ಹಿಂದೊಮ್ಮೆ ಏಸಿ ಇರುವ ಒಂದು ದೊಡ್ಡ ಹೋಟೆಲಿನಲ್ಲಿ ಅಂಜಲ್‌ಗೆ ರೇಟ್ ಕೇಳಿದರೆ "ಸೈಜ್ ಮೇಲೆ ಸರ್" ಅಂದರು. ಸೈಜ್ ತೋರಿಸಲೇ ಇಲ್ಲ, ಬಿಲ್ ತೋರಿಸಿದರು. ಅಲ್ಲಿಯ ಸಾರು ಹೇಗಿತ್ತು ಅಂತ ಕೇಳಬೇಡಿ.

ಸಂಜೆ ಕೋರಿ ರೊಟ್ಟಿ. ರೊಟ್ಟಿ ಕುಚ್ಚಲಕ್ಕಿಯದು, ಹಪ್ಪಳದಷ್ಟು ತೆಳು, ಮೇಲೆ ಕೋಳಿ ಗಸಿ, ಅಂದರೆ ಕಾಯಿ ಅರೆದು ಹಾಕಿದ ಕೋಳಿ ಸಾರು. ಕೆಲವರಿಗೆ ಪೂರ್ತಿ ನೆನೆದು ಮೆತ್ತಗಾಗಬೇಕು. ನನಗೆ ಅರ್ಧ ಕುರುಕುರು ಇರುವಾಗಲೇ ಬೇಕು. ಈ ಜಗಳ ನಮ್ಮ ಮನೆಯಲ್ಲೂ ಇನ್ನೂ ಮುಗಿದಿಲ್ಲ. ಗಸಿ ಚೆನ್ನಾಗಿತ್ತು, ಇನ್ನೊಮ್ಮೆ ಹಾಕಿದ್ದಕ್ಕೆ ಬಿಲ್ ಬರಲಿಲ್ಲ. ಕೋಳಿ ತುಂಡು ಮಾತ್ರ ಬೆಂದು ಬೆಂದು ನಾರಾಗಿತ್ತು.

ಆಮೇಲೆ ಮಂಗಳೂರಿನದೇ ಲಾಲ್‌ಬಾಗಿನಲ್ಲಿರುವ ಐಸ್‌ಕ್ರೀಮ್ ಅಂಗಡಿ ಪಬ್ಬಾಸ್. ಪ್ರಭಾಕರ ಕಾಮತರು 1975ರಲ್ಲಿ ಶುರು ಮಾಡಿದ ಐಡಿಯಲ್ ಐಸ್‌ಕ್ರೀಮ್‌ನವರದೇ ಇದು. ಗಡ್‌ಬಡ್ ಹೇಳಿದೆ. ಉದ್ದ ಗ್ಲಾಸು, ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ. ಇಲ್ಲಿ ನನ್ನ ಲೆಕ್ಕ ನಡೆಯುವುದಿಲ್ಲ, ಬಿಟ್ಟಿ ಸಿಗುವುದು ನೀರು ಮಾತ್ರ. ಸುಮ್ನೆ ತಿಂದೆ, ಚೆನ್ನಾಗಿತ್ತು.

ಮುಂದಿನದು ಉಡುಪಿ, ಆದರೆ ಈಗಲ್ಲ, ಮಳೆ ಮುಗಿದು ಮಟ್ಟುಗುಳ್ಳ ಬಂದ ಮೇಲೆ. ಉಡುಪಿಯ ಯತಿ ವಾದಿರಾಜರು ಕೊಟ್ಟ ಬೀಜ ಅಂತ ಊರವರು ನಂಬುವ ಬದನೆ, 2011ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಊಟದ ಜೊತೆ ಬರುವ ಸಾಂಬಾರಿಗೆ ನಿಜವಾದ ಗುಳ್ಳ ಹಾಕುವ ಹೋಟೆಲ್ ಯಾವುದು, ಮಾರ್ಕೆಟಿನ ಯಾವುದೋ ಬದನೆ ಹಾಕಿ ಹೆಸರು ಮಾತ್ರ ಹೇಳುವುದು ಯಾವುದು, ನೋಡಬೇಕು. ಗೊತ್ತಿರುವವರು ಈಗಲೇ ಹೇಳಿಬಿಡಿ, ಲಿಸ್ಟ್ ಮಾಡಿಕೊಳ್ಳುತ್ತೇನೆ.