ಬಿಸಿಲು ಎಲ್ಲರದು, ಛಾವಣಿ ಯಾರದು?

ವೇದಿಕೆಯ ಮೇಲಿರುವ ಹಿರಿಯರೇ, ಹೋಟೆಲ್ ಬಂಧುಗಳೇ, ಅಕ್ಕ-ತಂಗಿಯರೇ, ನಮಸ್ಕಾರ.

ನೀರು, ಗಾಳಿ, ಬಿಸಿಲಿನಿಂದ ತೆಗೆಯುವ ನವೀಕರಿಸಬಹುದಾದ ಇಂಧನ ಅಂದರೆ ಈಗಿನ ಫ್ಯಾಷನ್ ಅಂತ ಹಲವರಿಗೆ ಅನಿಸುತ್ತದೆ. ಆದರೆ ಮುಂಬೈಗೆ ಇದು ನೂರು ವರ್ಷ ದಾಟಿದ ಸಂಗತಿ. ಲೋನಾವಳದ ಸುತ್ತ ಮಳೆನೀರು ಕಟ್ಟಿ, ಘಟ್ಟದ ಮೇಲಿಂದ ಸುಮಾರು 500 ಮೀಟರ್ ಕೆಳಗೆ ಖೋಪೋಲಿಗೆ ಪೈಪಿನಲ್ಲಿ ಇಳಿಸಿ, 1915ರಲ್ಲಿ ಟಾಟಾದವರು ಕರೆಂಟ್ ತೆಗೆದರು. ಕಲ್ಲಿದ್ದಲು ಉರಿಸಿ ಓಡುತ್ತಿದ್ದ ಇಲ್ಲಿನ ಹತ್ತಿ ಗಿರಣಿಗಳು ಆಮೇಲೆ ಒಂದೊಂದಾಗಿ ವಿದ್ಯುತ್ತಿಗೆ ತಿರುಗಿದವು.

ಗಾಳಿಗೆ ಒಳ್ಳೆಯದಾಯಿತು, ಸರಿ. ಜನರಿಗೆ? 1921ರಲ್ಲಿ ಪುಣೆ ಹತ್ತಿರದ ಮುಳಶಿಯಲ್ಲಿ ಇದೇ ಉದ್ದೇಶಕ್ಕೆ ಅಣೆಕಟ್ಟಿನ ಕೆಲಸ ನಡೆದಾಗ, ಭತ್ತ ಬೆಳೆಯುತ್ತಿದ್ದ ಮಾವಳ ಸೀಮೆಯ ರೈತರು ಸತ್ಯಾಗ್ರಹಕ್ಕೆ ಕೂತರು. ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಮುಂದೆ ನಿಂತರು, ಜೈಲಿಗೂ ಹೋದರು. ಸುಮಾರು ಮೂರು ವರ್ಷ ಹೋರಾಡಿಯೂ ಸೋತರು. ಹಳ್ಳಿಗಳು ಮುಳುಗಿದವು, ಬೆಳಕು ಬಂದದ್ದು ಮುಂಬೈಗೆ. ಹಾಗಾಗಿ ಜಾಗ ಯಾರದು, ಲಾಭ ಯಾರಿಗೆ ಅಂತ ಕೇಳದೆ ಸುಮ್ನೆ ಹಸಿರು ವಿದ್ಯುತ್ತನ್ನು ಹೊಗಳುವುದು ನನಗೆ ಒಗ್ಗುವುದಿಲ್ಲ.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಲೆಕ್ಕ ಸ್ವಲ್ಪ ಬೇರೆ. ಮಳೆಯೇ ಸರಿಯಾಗಿ ಬೀಳದ ಸೀಮೆ ಅದು. ಅಲ್ಲಿನ ಸೋಲಾರ್ ಪಾರ್ಕ್ 2050 ಮೆಗಾವ್ಯಾಟಿನದು, ಸುಮಾರು 13 ಸಾವಿರ ಎಕರೆ. ರೈತರಿಂದ ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಜಾಸ್ತಿ. ಭೂಮಿ ಇದ್ದವರು ಬಚಾವಾದರು. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಬಾಡಿಗೆ ಎಲ್ಲಿಂದ ಬರಬೇಕು?

ಹಾಗಂತ ಕಲ್ಲಿದ್ದಲೇ ವಾಸಿ ಅನ್ನುತ್ತಿಲ್ಲ. ಅದರಲ್ಲಿ ಒಂದು ಯೂನಿಟ್ ತೆಗೆದರೆ ಹೆಚ್ಚುಕಮ್ಮಿ ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೂದಿ ಬೇರೆ. ಪಡುಬಿದ್ರಿ ಕಡೆಯವರು ಇಲ್ಲಿ ಇದ್ದೀರಿ, ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯ ಗೋಳನ್ನು ನಾನು ಹೇಳಬೇಕೇ?

ಯಾರ ಊರನ್ನೂ ಮುಳುಗಿಸದ, ಯಾರ ಕೂಲಿಯನ್ನೂ ಕಸಿಯದ ಜಾಗ ಒಂದಿದೆ. ನಮ್ಮ ಹೌಸಿಂಗ್ ಸೊಸೈಟಿಯ ಟೆರೇಸ್. ಅಲ್ಲಿ ಸೋಲಾರ್ ಪ್ಯಾನೆಲ್ ಹಾಕಲು ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ಸಾಕು, ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಹತ್ತಿರ ಬರುತ್ತದೆ. ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ, ಇವು ಸೊಸೈಟಿಯ ಮೀಟರಿನಲ್ಲಿ ಓಡುವಂಥವು. ಅಲ್ಲಿ ಬಿಲ್ ಇಳಿದರೆ ಒಂದನೇ ಮಾಳಿಗೆಯ ಪಿಂಚಣಿದಾರರಿಗೂ ಮೆಂಟೆನೆನ್ಸ್ ಹಗುರವಾಗುತ್ತದೆ. 2024ರಲ್ಲಿ ಬಂದ ಕೇಂದ್ರ ಸರ್ಕಾರದ ಛಾವಣಿ ಸೋಲಾರ್ ಯೋಜನೆ ಪಿಎಂ ಸೂರ್ಯ ಘರ್‌ನಲ್ಲಿ ಸೊಸೈಟಿಯ ಇಂಥ ಬಳಕೆಗೆ ಕಿಲೋವ್ಯಾಟಿಗೆ 18 ಸಾವಿರ ರೂಪಾಯಿ ಸಬ್ಸಿಡಿ ಉಂಟು. ಹೋಟೆಲಿಗೆ ಅದು ಸಿಗುವುದಿಲ್ಲ. ಆದರೆ ನಿಮ್ಮ ಗ್ರೈಂಡರ್, ಫ್ರಿಜ್, ಎಸಿ ಎಲ್ಲ ಬಿಸಿಲು ಇದ್ದಾಗಲೂ ಓಡುತ್ತವೆ. ಕಮರ್ಷಿಯಲ್ ದರ ಕಟ್ಟುವ ನಿಮಗೇ ಉಳಿತಾಯ ಜಾಸ್ತಿ, ಅಲ್ವಾ?

ಸೊಸೈಟಿಯ ಮೀಟಿಂಗಿನಲ್ಲಿ ಮೊದಲು ಏಳುವ ಪ್ರಶ್ನೆ ಲೀಕೇಜ್. ನ್ಯಾಯವೇ. ಸ್ಲ್ಯಾಬಿಗೆ ಡ್ರಿಲ್ ಹೊಡೆಯಲು ಬಿಡಬೇಡಿ. ಕಾಂಕ್ರೀಟ್ ಬ್ಲಾಕಿನ ಭಾರದ ಮೇಲೆ ಸ್ಟ್ಯಾಂಡ್ ನಿಲ್ಲಿಸಬಹುದು. ಆ ಭಾರವನ್ನೂ ಗಾಳಿಯ ಹೊಡೆತವನ್ನೂ ಸ್ಟ್ರಕ್ಚರಲ್ ಇಂಜಿನಿಯರ್ ನೋಡಿ ಒಪ್ಪಬೇಕು. ನೀರಿನ ಟ್ಯಾಂಕಿನ ನೆರಳು ಒಂದು ಪ್ಯಾನೆಲಿಗೆ ಬಿದ್ದರೂ ಅದೇ ಸಾಲಿನ ಉಳಿದವೂ ಸೊರಗುತ್ತವೆ. ಪಾರಿವಾಳದ ಹಿಕ್ಕೆಯೂ ಹಾಗೆಯೇ, ತೊಳೆಯದೆ ಬಿಟ್ಟರೆ ಉತ್ಪಾದನೆ ಇಳಿಯುತ್ತದೆ. ಜುಲೈಯಲ್ಲಿ ಪ್ಯಾನೆಲ್ ಕೈಕೊಡುವುದು ನಿಜ. ಆದರೆ ಅದೇ ಮಳೆಗಾಲದಲ್ಲಿ ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ, ಲೋನಾವಳದ ಕೆರೆಗಳೂ ತುಂಬುತ್ತವೆ.

ಲೈಟ್ ಬಿಲ್ ತಂದವರು ಚಹಾ ಆದ ಮೇಲೆ ಈ ಮೇಜಿನ ಹತ್ತಿರ ಬನ್ನಿ. ಸ್ಯಾಂಕ್ಷನ್ ಲೋಡ್, ಅಂದರೆ ನಿಮ್ಮ ಮೀಟರಿಗೆ ಮಂಜೂರಾದ ವಿದ್ಯುತ್ ಮಿತಿ ನೋಡಿ, ನಿಮ್ಮ ಟೆರೇಸಿಗೆ ಎಷ್ಟು ಕಿಲೋವ್ಯಾಟ್ ಕೂಡುತ್ತದೆ ಅಂತ ಲೆಕ್ಕ ಹಾಕೋಣ.