ಹೊಲಿಗೆ ಕೋಣೆಯಲ್ಲಿ ಶುರುವಾದ ಶಾಲೆ

ಎಲ್ಲರಿಗೂ ನಮಸ್ಕಾರ.

ಬಟ್ಟೆ ಹೊಲಿಯಲು ಕೊಡುವಾಗ ನಾವು ಎಷ್ಟು ಹುಷಾರಾಗಿರುತ್ತೇವೆ, ಅಲ್ವಾ? ತೋಳು ಒಂದು ಬೆರಳು ಉದ್ದ ಬಿಡಿ, ಇಲ್ಲಿ ಸ್ವಲ್ಪ ಬಿಗಿ ಮಾಡಿ, ಕತ್ತು ಹೀಗಿರಲಿ ಅಂತ ಕನ್ನಡಿ ಮುಂದೆ ನಿಂತು ನಾಲ್ಕು ಸಲ ಹೇಳುತ್ತೇವೆ. ನೂರು ವರ್ಷಕ್ಕೂ ಹಿಂದೆ ಕ್ರಾಕೋವ್ ಊರಿನಲ್ಲಿ ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ದಿನಾ ಇದನ್ನೇ ನೋಡುತ್ತಿದ್ದರು. ಕೈಯಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ. ಮೈಗೆ ಇಷ್ಟು ಚೆನ್ನಾಗಿ ಅಳತೆ ಕೊಡುವ ಈ ಹುಡುಗಿಯರಿಗೆ ಒಳಗಿನ ಜೀವಕ್ಕೆ ಏನು ತೊಡಿಸಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲವಲ್ಲ ಎಂಬ ಕೊರಗು ಅವರಿಗೆ. ಮುಂದೆ ತಮ್ಮ ನೆನಪುಗಳನ್ನು ಬರೆದಾಗಲೂ ಈ ಮಾತನ್ನು ಅವರು ಮರೆಯಲಿಲ್ಲ.

ಅವರ ಹೆಸರು ಸಾರಾ ಶೆನಿರರ್. ಯಹೂದಿ ಹೆಣ್ಣುಮಕ್ಕಳಿಗೆ ಧರ್ಮದ ಪಾಠ ಹೇಳುವ ಬೇಸ್ ಯಾಕೋವ್ ಶಾಲೆಗಳನ್ನು ಹುಟ್ಟುಹಾಕಿದವರು. ಇವತ್ತು ನಾನು ಮಾತಾಡುವುದು ಅವರ ಬಗ್ಗೆ.

ಸಾರಾ ಹುಟ್ಟಿದ್ದು 1883ರಲ್ಲಿ. ಕ್ರಾಕೋವ್ ಈಗ ಪೋಲೆಂಡಿನಲ್ಲಿದೆ, ಆಗ ಆಸ್ಟ್ರಿಯಾ ಸಾಮ್ರಾಜ್ಯದ ಗಲಿಷಿಯಾ ಪ್ರಾಂತ್ಯದಲ್ಲಿತ್ತು. ಮನೆಯವರು ಯಹೂದಿಗಳಲ್ಲಿ ಗುರುಭಕ್ತಿ ಹೆಚ್ಚಿರುವ ಹಸೀದ್ ಪಂಥದವರು, ಬೆಲ್ಜ್ ಎಂಬ ಊರಿನ ಗುರುಗಳ ಶಿಷ್ಯರು. ಈ ಗುರುಗಳನ್ನು ರೆಬ್ಬೆ ಅನ್ನುತ್ತಾರೆ. ಬಹಳ ಮಡಿ, ಬಹಳ ಕಟ್ಟುನಿಟ್ಟು.

ಅಂಥ ಮನೆಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಗಂಡುಮಗು ಮೂರು ವರ್ಷದ್ದಾಗುತ್ತಲೇ ಹೇದರ್ ಎಂಬ ಧಾರ್ಮಿಕ ಪಾಠಶಾಲೆಗೆ ಹೋಗುತ್ತಿತ್ತು. ಹೀಬ್ರೂ ಅಕ್ಷರ, ಮೂಲ ಧರ್ಮಗ್ರಂಥವಾದ ತೋರಾ, ಆಮೇಲೆ ಪಂಡಿತರ ಚರ್ಚೆಗಳ ಗ್ರಂಥವಾದ ತಾಲ್ಮುದ್. ಹೆಣ್ಣುಮಗುವಿಗೆ ಇದ್ಯಾವುದೂ ಇಲ್ಲ. ಮಗಳಿಗೆ ತೋರಾ ಕಲಿಸಬಾರದು ಅಂತ ತಾಲ್ಮುದ್‌ನಲ್ಲೇ ಒಬ್ಬ ಪಂಡಿತರ ಮಾತಿದೆ. ಅಮ್ಮನನ್ನು ನೋಡಿ ಕಲಿತರೆ ಸಾಕು ಎಂಬುದು ರೂಢಿ. ಆದರೆ ಸರ್ಕಾರದ ಕಡ್ಡಾಯ ಶಿಕ್ಷಣದ ಕಾನೂನು ಬಂತಲ್ಲ, ಅದಕ್ಕೆ ತಲೆಬಾಗಿ ಹೆಣ್ಣುಮಕ್ಕಳನ್ನು ಪೋಲಿಷ್ ಶಾಲೆಗೆ ಕಳಿಸಿದರು. ಅವರು ಅಲ್ಲಿ ಚೆನ್ನಾಗಿ ಓದಿದರು. ಪೋಲಿಷ್ ಕವಿತೆ, ಜರ್ಮನ್ ಕಾದಂಬರಿ, ನಾಟಕ, ಇತಿಹಾಸ ಎಲ್ಲ ಬಂತು. ತಮ್ಮದೇ ಪ್ರಾರ್ಥನೆಯ ಅರ್ಥ ಮಾತ್ರ ಬರಲಿಲ್ಲ. ಒಂದೇ ಸೂರಿನಡಿ ಅಣ್ಣನದು ಒಂದು ಲೋಕ, ತಂಗಿಯದು ಇನ್ನೊಂದು.

ಇದರ ಫಲ ಸಮುದಾಯದ ಕಣ್ಣೆದುರೇ ಇತ್ತು. ಕ್ರಾಕೋವ್‌ನಲ್ಲಿ ಮನೆ ಬಿಟ್ಟು ಕ್ರೈಸ್ತ ಕಾನ್ವೆಂಟಿಗೆ ಹೋಗಿ ಸೇರಿಕೊಂಡ ಯಹೂದಿ ಹುಡುಗಿಯರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. 1903ರಲ್ಲಿ ಅದೇ ಊರಿನಲ್ಲಿ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಸಭೆ ಸೇರಿದಾಗ ಹೆಣ್ಣುಮಕ್ಕಳಿಗೂ ಪಾಠದ ವ್ಯವಸ್ಥೆ ಆಗಬೇಕು ಅಂತ ಒಬ್ಬರು ಎದ್ದು ಹೇಳಿದರು. ಸಭೆ ಒಪ್ಪಲಿಲ್ಲ. ಬೈಗುಳವೆಲ್ಲ ಹುಡುಗಿಯರಿಗೇ: ಕೆಟ್ಟುಹೋದರು, ಫ್ಯಾಷನ್ ಜಾಸ್ತಿ ಆಯಿತು, ಹಿರಿಯರ ಮೇಲೆ ಗೌರವ ಇಲ್ಲ. ಈ ಮಾತು ಯಾವ ಊರಿನಲ್ಲಿ ಕೇಳಿಲ್ಲ ಹೇಳಿ?

ಸಾರಾ ನನಗೆ ದೊಡ್ಡವರಾಗಿ ಕಾಣುವುದು ಇಲ್ಲೇ. ಹುಡುಗಿಯರ ತಪ್ಪು ಅಂತ ಅವರು ಒಂದು ದಿನವೂ ಅಂದುಕೊಳ್ಳಲಿಲ್ಲ. ಯಾರೂ ಕಲಿಸಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು ಅಂದರು. ಅವರೂ ಅದೇ ಪೋಲಿಷ್ ಶಾಲೆಯಲ್ಲಿ ಓದಿದವರು. ಅಲ್ಲಿ ಜೊತೆಯ ಮಕ್ಕಳು ಅವರನ್ನು ‘ಹಸೀದ್ಕಾ’ ಅಂತ ರೇಗಿಸುತ್ತಿದ್ದರು, ನಮ್ಮಲ್ಲಿ ‘ಮಡಿಯಮ್ಮ’ ಅನ್ನುವ ಹಾಗೆ. ಓದು ಮುಗಿದ ಮೇಲೆ ಹೊಟ್ಟೆಪಾಡಿಗೆ ಹೊಲಿಗೆ. ರಾತ್ರಿ ಕೆಲಸ ಮುಗಿಸಿ ಯಿಡ್ಡಿಷ್ ಭಾಷೆಯ ಧರ್ಮಗ್ರಂಥಗಳನ್ನು ಒಬ್ಬರೇ ಕೂತು ಓದುತ್ತಿದ್ದರು. ಮೊದಲ ಮದುವೆ ಕೂಡಿಬರಲಿಲ್ಲ, ವಿಚ್ಛೇದನವಾಯಿತು.

ಅವರು ಬರೆದಿಟ್ಟ ಎರಡು ಸಂಗತಿ ಹೇಳುತ್ತೇನೆ. ಒಂದು ಶುಕ್ರವಾರ ಸಂಜೆ ಹುಡುಗಿಯರ ಸಂಘವೊಂದಕ್ಕೆ ಹೋಗಿದ್ದರು. ಶುಕ್ರವಾರ ಹೊತ್ತು ಮುಳುಗಿದರೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಶುರು, ಆಮೇಲೆ ದೀಪ ಹಚ್ಚುವಂತಿಲ್ಲ. ಸಂಘದ ಮುಂದಾಳು ಹುಡುಗಿಯೇ ಎಲ್ಲರೆದುರು ದೀಪ ಹಚ್ಚಿದಳು. ಸಾರಾಗೆ ಎದೆ ಧಸಕ್ಕೆಂದಿತು. ಇನ್ನೊಂದು, ಹೊಸವರ್ಷದ ಹಬ್ಬದ ಹೊತ್ತಿನ ರೈಲು. ಅಪ್ಪ, ಮಕ್ಕಳು, ಅಳಿಯಂದಿರೆಲ್ಲ ಕಿಕ್ಕಿರಿದು ರೆಬ್ಬೆಯ ಊರಿಗೆ ಹೊರಡುತ್ತಾರೆ. ಅಲ್ಲಿ ಹಾಡು, ಕುಣಿತ, ಪ್ರವಚನ. ಅಮ್ಮಂದಿರು, ಹೆಣ್ಣುಮಕ್ಕಳು ಮನೆಯಲ್ಲಿ. ಅವರ ಪಾಲಿಗೆ ಹಬ್ಬ ಅಂದರೆ ಬಣಗುಟ್ಟುವ ಮನೆ.

1914ರಲ್ಲಿ ಮೊದಲ ಮಹಾಯುದ್ಧ ಬಂತು. ಸಾರಾ ಎಲ್ಲರ ಹಾಗೆ ವಿಯೆನ್ನಾಗೆ ಓಡಿದರು. ಅಲ್ಲಿನ ಒಂದು ಸಿನಗಾಗ್‌ನಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದಲ್ಲಿ, ರಬ್ಬಿ ಫ್ಲೆಶ್ ಎಂಬುವರು ಹನುಕ್ಕಾ ಹಬ್ಬದಂದು ಯೂದಿತಳ ಬಗ್ಗೆ ಮಾತಾಡಿದರು. ಯೂದಿತ ಶತ್ರು ಸೇನಾಪತಿಯನ್ನು ಕೊಂದು ಊರು ಉಳಿಸಿದ ವಿಧವೆ. ಹೆಣ್ಣುಮಕ್ಕಳೇ, ನೀವೂ ಹಾಗಾಗಿ ಅಂತ ಅವರು ಹುರಿದುಂಬಿಸಿದರು. ಹೆಂಗಸರನ್ನು ಉದ್ದೇಶಿಸಿ ಒಬ್ಬ ರಬ್ಬಿ ಮಾತಾಡುವುದೇ ಸಾರಾಗೆ ಹೊಸದು. ನಮ್ಮೂರಿನ ಹುಡುಗಿಯರು ಇದನ್ನು ಕೇಳಿದ್ದರೆ ಅಂತ ಮನಸ್ಸು ಚಡಪಡಿಸಿತು.

ಊರಿಗೆ ವಾಪಸಾಗಿ ಮೊದಲು ದೊಡ್ಡ ಹುಡುಗಿಯರನ್ನು ಸೇರಿಸಿದರು. ಅವರು ಬಂದರು, ಕೇಳಿದರು, ಒಳಗೊಳಗೇ ನಕ್ಕರು. ಕೆಲಸ ಕೆಡುತ್ತಿದೆ ಅಂತ ಗೊತ್ತಾದಾಗ ಸಾರಾ ಹಟ ಹಿಡಿಯಲಿಲ್ಲ. ಎಳೆಯ ಮಕ್ಕಳಿಂದಲೇ ಶುರುಮಾಡಬೇಕು ಅಂದುಕೊಂಡರು. ಅಣ್ಣನಿಗೆ ಪತ್ರ ಬರೆದರೆ ಅವನಿಗೂ ಮೊದಲು ತಮಾಷೆಯಾಗಿ ಕಂಡಿತು. ಆಮೇಲೆ, ರೆಬ್ಬೆಯನ್ನೇ ಕೇಳೋಣ ಬಾ ಅಂತ, ಅವರು ಆಗ ತಂಗಿದ್ದ ಮಾರಿಯೆನ್‌ಬಾದ್ ಊರಿಗೆ ಕರೆದುಕೊಂಡು ಹೋದ. ತಂಗಿ ಯಹೂದಿ ಹೆಣ್ಣುಮಕ್ಕಳಿಗೆ ಧರ್ಮದ ದಾರಿ ಕಲಿಸಬೇಕು ಅಂತಿದ್ದಾಳೆ ಅಂದಾಗ ಬೆಲ್ಜ್ ರೆಬ್ಬೆ ಎರಡೇ ಮಾತು ಹೇಳಿದರು: “ಬ್ರೋಖೆ ವೆ ಹಾತ್ಸ್ಲೋಖೆ.” ಆಶೀರ್ವಾದ, ಯಶಸ್ಸು. ಸಾರಾಗೆ ಅಷ್ಟು ಸಾಕಾಯಿತು. ಆ ಎರಡು ಮಾತಿಲ್ಲದಿದ್ದರೆ ಅವರ ಬಳಗದ ಒಬ್ಬ ತಾಯಿಯೂ ಮಗಳನ್ನು ಕಳಿಸುತ್ತಿರಲಿಲ್ಲವೇನೋ ಅಂತ ನನಗನಿಸುತ್ತದೆ.

1917ರಲ್ಲಿ 25 ಪುಟ್ಟ ಹುಡುಗಿಯರು ಬಂದರು. ಶಾಲೆ ಅಂದರೆ ಅದೇ ಹೊಲಿಗೆ ಕೋಣೆ. ಸ್ವಲ್ಪ ಊಹಿಸಿಕೊಳ್ಳಿ. ಬಟ್ಟೆ ಕತ್ತರಿಸುವ ಜಾಗದಲ್ಲಿ ಈಗ ಬೆಂಚುಗಳು. ನಿನ್ನೆಯವರೆಗೆ ಈ ಮಕ್ಕಳ ಅಮ್ಮಂದಿರಿಗೆ ಅಳತೆ ತೆಗೆದ ಅದೇ ಕೈ ಈಗ ಅಕ್ಷರದ ಮೇಲೆ ಬೆರಳಿಡುತ್ತಿದೆ. ಊಟಕ್ಕೆ ಮುಂಚೆ ಏನು ಹೇಳಬೇಕು, ಯಾಕೆ ಹೇಳಬೇಕು. ಈ ‘ಯಾಕೆ’ಯನ್ನು ಆ ಮಕ್ಕಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ಬೇಸ್ ಯಾಕೋವ್ ಅಂದರೆ ಯಾಕೋಬನ ಮನೆ. ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಗೆ, ಯಾಕೋಬನ ಮನೆಗೆ ಹೀಗೆ ಹೇಳು, ಇಸ್ರಾಯೇಲನ ಮಕ್ಕಳಿಗೆ ಹೀಗೆ ತಿಳಿಸು ಅನ್ನುತ್ತಾನೆ. ಯಾಕೋಬನ ಮನೆ ಅಂದರೆ ಹೆಂಗಸರು ಅಂತ ಹಿಂದಿನ ಪಂಡಿತರೇ ಅರ್ಥ ಹೇಳಿದ್ದರು. ಅಂದರೆ ದೇವರು ಮೊದಲು ಹೇಳಲು ಹೇಳಿದ್ದು ಹೆಂಗಸರಿಗೆ! ಇಡೀ ವಾದ ಈ ಹೆಸರೊಳಗೇ ಇದೆ. ಹೊಸದೇನನ್ನೂ ಕೇಳುತ್ತಿಲ್ಲ, ನಮ್ಮ ಗ್ರಂಥದಲ್ಲೇ ನಮ್ಮ ಪಾಲಿದೆ ಅಂದ ಹಾಗಾಯಿತು.

ಆಮೇಲೆ ಶಾಲೆ ಬೆಳೆದ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ. 1923ರಲ್ಲಿ ಅಗುದಾತ್ ಇಸ್ರಾಯೇಲ್ ಎಂಬ ಸಂಪ್ರದಾಯಸ್ಥ ಯಹೂದಿಗಳ ಸಂಘಟನೆ ಬೆನ್ನಿಗೆ ನಿಂತಿತು. ಅದರ ಕಡೆಯಿಂದ ಲಿಯೋ ಡಾಯ್ಚ್‌ಲಾಂಡರ್ ಎಂಬುವರು ದುಡ್ಡು, ಪಠ್ಯ, ತರಬೇತಿಯ ಜವಾಬ್ದಾರಿ ಹೊತ್ತರು. ಜರ್ಮನಿಯ ಫ್ರಾಂಕ್‌ಫರ್ಟ್‌ನಿಂದ ಯೂದಿತ್ ರೋಸನ್‌ಬೌಮ್ ಎಂಬ ಯುವತಿ ಪಾಠ ಮಾಡಲು ಬಂದರು. ಹಾಫೆಟ್ಸ್ ಹಾಯಿಮ್ ಎಂದು ಹೆಸರಾದ ಹಿರಿಯ ರಬ್ಬಿ ಬೆಂಬಲ ಕೊಟ್ಟರು. ಹಿಂದೆ ಮನೆಯ ಪದ್ಧತಿ ಗಟ್ಟಿಯಾಗಿತ್ತು, ಹೆಣ್ಣುಮಕ್ಕಳು ನೋಡಿ ಕಲಿಯುತ್ತಿದ್ದರು, ಈಗ ಅದು ಸಡಿಲವಾಗಿದೆ, ಹಾಗಾಗಿ ಕಲಿಸಲೇಬೇಕು ಎಂಬುದು ಅವರ ವಾದ. 1931ರಲ್ಲಿ ಕ್ರಾಕೋವ್‌ನ ಸ್ತಾನಿಸ್ಲಾವಾ ಬೀದಿಯಲ್ಲಿ ಶಿಕ್ಷಕಿಯರ ತರಬೇತಿ ಶಾಲೆಗೆ ಸ್ವಂತ ಕಟ್ಟಡವಾಯಿತು. ಆ ದಶಕದ ಹೊತ್ತಿಗೆ 200ಕ್ಕೂ ಹೆಚ್ಚು ಶಾಲೆಗಳು, ಸುಮಾರು 35,000 ಹುಡುಗಿಯರು.

ಸಾರಾ ಊರೂರಿಗೆ ಹೋಗುತ್ತಿದ್ದರು. ಅಮ್ಮಂದಿರನ್ನು ಸೇರಿಸಿ ಮಾತಾಡಿ, ಶಾಲೆ ತೆರೆಯಲು ಒಪ್ಪಿಸಿ, ಜೊತೆಗೆ ಕರೆತಂದ ಹುಡುಗಿಯನ್ನು ಅಲ್ಲೇ ಟೀಚರ್ ಆಗಿ ಬಿಟ್ಟು ಮುಂದಿನ ರೈಲು ಹತ್ತುತ್ತಿದ್ದರು. ಆ ಟೀಚರ್‌ಗಳಲ್ಲಿ ಎಷ್ಟೋ ಜನ ಇನ್ನೂ ಹದಿಹರೆಯದವರು. ಗೊತ್ತಿಲ್ಲದ ಊರು, ಎದುರಿಗೆ ನಲವತ್ತು ಮಕ್ಕಳು, ಅನುಮಾನದಿಂದ ನೋಡುವ ಹಿರಿಯರು. ಆ ಮೊದಲ ರಾತ್ರಿ ಆ ಹುಡುಗಿ ಏನು ಮಾಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ಮಾತು ಮುಚ್ಚಿಡಬಾರದು. ಸಾರಾ ಕೇಳಿದ್ದು ಸಮಾನತೆಯನ್ನಲ್ಲ. ಅವರ ಶಾಲೆಯಲ್ಲಿ ತಾಲ್ಮುದ್ ಪಾಠ ಇರಲಿಲ್ಲ. ನಿಷ್ಠೆಯ ಹೆಂಡತಿ, ನಿಷ್ಠೆಯ ತಾಯಿ ಆಗಬೇಕು ಎಂಬುದೇ ಗುರಿ. ಇದು ಸಾಲದು ಅನ್ನುವವರಿದ್ದಾರೆ, ನನಗೂ ಕೆಲವು ಸಲ ಹಾಗನಿಸುತ್ತದೆ. ಆದರೆ ಹಬ್ಬಕ್ಕೆ ಮನೆಯಲ್ಲೇ ಉಳಿಯುತ್ತಿದ್ದ ಹುಡುಗಿಯರಿಗೆ ಗೆಳತಿಯರು ಸಿಕ್ಕರು, ಹಾಡು ಸಿಕ್ಕಿತು, ಸಾರಾ ಬರೆದ ನಾಟಕಗಳಲ್ಲಿ ಪಾತ್ರ ಸಿಕ್ಕಿತು, ಸಂಬಳದ ಕೆಲಸ ಸಿಕ್ಕಿತು, ಓದಲು ಅವರದೇ ಒಂದು ಪತ್ರಿಕೆ ಸಿಕ್ಕಿತು. ಇದನ್ನು ಸಣ್ಣದು ಅನ್ನಲು ನನಗೆ ಬಾಯಿ ಬರುವುದಿಲ್ಲ.

1935ರ ಮಾರ್ಚ್ 1ರಂದು ಸಾರಾ ಕ್ಯಾನ್ಸರ್‌ನಿಂದ ತೀರಿಕೊಂಡರು. 51 ವರ್ಷ. ಸ್ವಂತ ಮಕ್ಕಳಿರಲಿಲ್ಲ. ಅವರನ್ನು ಮಣ್ಣು ಮಾಡಿದ ಸ್ಮಶಾನದ ಮೇಲೆಯೇ ಮುಂದೆ ನಾಜಿಗಳು ಪ್ಲಾಶುವ್ ಎಂಬ ಯಾತನಾ ಶಿಬಿರ ಕಟ್ಟಿದರು. ಗೋರಿಕಲ್ಲುಗಳನ್ನು ಒಡೆದುಹಾಕಿದರು. ಶಾಲೆಗಳು ಮುಚ್ಚಿದವು. ಅಲ್ಲಿ ಕಲಿತ, ಕಲಿಸಿದ ಹುಡುಗಿಯರಲ್ಲಿ ಬಹುಪಾಲು ಕೊಲೆಯಾದರು. ಸಾರಾ ಹೆಸರಿನ ಕಲ್ಲು ಆ ಜಾಗದಲ್ಲಿ ಮತ್ತೆ ನಿಂತದ್ದು 2003ರಲ್ಲಿ.

ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಅವರ ಶಿಷ್ಯೆ ವಿಖ್ನಾ ಕಪ್ಲಾನ್ ಅಮೆರಿಕಕ್ಕೆ ಹೋಗಿದ್ದರು. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮನೆ. ಅಲ್ಲಿ ಶಾಲೆಯೂ ಇಲ್ಲ, ಬೆಂಚೂ ಇಲ್ಲ. ಮನೆಯ ಊಟದ ಮೇಜಿನ ಸುತ್ತ ಒಂದಷ್ಟು ಹುಡುಗಿಯರನ್ನು ಕೂರಿಸಿಕೊಂಡು ಅವರು ಪಾಠ ಶುರುಮಾಡಿದರು.