ಕನ್ಸರ್ವೇಟರಿಗೆ ಮೊದಲು ಚಾವಣಿ, ಆಮೇಲೆ ಬಾಗಿಲು

[ದೃಶ್ಯ: ಇಂಗ್ಲೆಂಡಿನ ಇಟ್ಟಿಗೆ ಮನೆಯೊಂದರ ಹಿತ್ತಿಲು, ಗೋಡೆಗೆ ತಾಗಿದ ಗಾಜಿನ ಕೋಣೆ]

ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡ ಕನ್ನಡಿಗರು ಹಿತ್ತಿಲಿಗೊಂದು ಕನ್ಸರ್ವೇಟರಿ, ಅಂದರೆ ಮನೆಯ ಗೋಡೆಗೆ ತಾಗಿದ ಗಾಜಿನ ಕೋಣೆ, ಕಟ್ಟಿಸಲು ಹೊರಟಾಗ ಹೆಚ್ಚಾಗಿ ಬಾಗಿಲುಗಳನ್ನು ನೋಡುವುದರಿಂದಲೇ ಆರಂಭಿಸುತ್ತಾರೆ. ಶೋರೂಮಿನಲ್ಲಿ ಕಣ್ಣಿಗೆ ಬೀಳುವುದು ಅದೇ ತಾನೆ. ಆದರೆ ಆ ಕೋಣೆಯಲ್ಲಿ ಜನವರಿಯ ಚಳಿಯಲ್ಲೂ ಜುಲೈ ಬಿಸಿಲಲ್ಲೂ ಕೂರಲು ಸಾಧ್ಯವೇ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಚಾವಣಿ.

ಲಾಲ್‌ಬಾಗಿನ ಗಾಜಿನ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಒಂದು ಮಾತು. ಲಂಡನ್ನಿನ 1851ರ ಕ್ರಿಸ್ಟಲ್ ಪ್ಯಾಲೇಸಿನಿಂದ ಪ್ರೇರಣೆ ಪಡೆದ ಆ ಕಟ್ಟಡದ ಬದಿಗಳಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ. ಇಲ್ಲಿಯದು ಸುತ್ತಲೂ ಮುಚ್ಚಿದ ಕೋಣೆಯಾದ್ದರಿಂದ ಒಳಗೆ ಬಂದ ಶಾಖ ಒಳಗೇ ಉಳಿಯುತ್ತದೆ.

[ದೃಶ್ಯ: ಮೂರು ಬಗೆಯ ಚಾವಣಿಯ ತುಂಡುಗಳು ಮೇಜಿನ ಮೇಲೆ]

ಚಾವಣಿಯ ಗುಣವನ್ನು ಯು-ವ್ಯಾಲ್ಯೂ ಎಂಬ ಅಳತೆಯಿಂದ ಹೇಳುತ್ತಾರೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನ ಮೂಲಕ ಎಷ್ಟು ವ್ಯಾಟ್ ಶಾಖ ಹೊರಹೋಗುತ್ತದೆ ಎಂಬುದೇ ಆ ಸಂಖ್ಯೆ. ಅದು ಕಡಿಮೆಯಾದಷ್ಟೂ ಕೋಣೆ ಬೆಚ್ಚಗಿರುತ್ತದೆ. 25 ಮಿಲಿಮೀಟರ್ ದಪ್ಪದ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ ಹಾಳೆಗೆ ಇದು ಸುಮಾರು 1.6, ಒಳ್ಳೆಯ ಡಬಲ್ ಗ್ಲೇಜಿಂಗ್, ಅಂದರೆ ಎರಡು ಪದರದ ಗಾಜಿಗೆ ಸುಮಾರು 1.2, ಒಳಗೆ ನಿರೋಧಕ ತುಂಬಿದ ಗಟ್ಟಿ ಚಾವಣಿಗೆ 0.18ರ ಆಸುಪಾಸು. ಗಾಜಿನ ಕರಪತ್ರದಲ್ಲಿರುವ ಸಂಖ್ಯೆ ಸಾಮಾನ್ಯವಾಗಿ ನೆಟ್ಟಗೆ ನಿಲ್ಲಿಸಿದ ಗಾಜಿನದು. ಇಳಿಜಾರಾಗಿ ಹೊದಿಸಿದಾಗ ಎರಡು ಪದರಗಳ ನಡುವಿನ ಅನಿಲದ ಚಲನೆ ಹೆಚ್ಚಿ ಶಾಖ ಇನ್ನಷ್ಟು ಸೋರುತ್ತದೆ ಎಂಬುದನ್ನು ಮಾರಾಟಗಾರರು ತಾವಾಗಿ ಹೇಳುವುದು ಅಪರೂಪ.

ಪಾಲಿಕಾರ್ಬನೇಟ್ ಅಗ್ಗ ಮತ್ತು ಹಗುರ. ಆದರೆ ಮಳೆ ಬಂದರೆ ತಗಡಿನ ಶೆಡ್ಡಿನಲ್ಲಿ ಕುಳಿತಂತೆ ಸದ್ದಾಗುತ್ತದೆ. ಗಾಜನ್ನು ಆರಿಸುವವರು ಬಿಸಿಲಿನ ಶಾಖವನ್ನು ತಡೆಯುವ ಸೋಲಾರ್ ಕಂಟ್ರೋಲ್ ಗಾಜನ್ನೇ ಕೇಳಬೇಕು, ಬಿಸಿಗಾಳಿ ಮೇಲೇರುವುದರಿಂದ ಚಾವಣಿಯಲ್ಲಿ ತೆರೆಯುವ ಕಿಂಡಿಯನ್ನೂ ಇಡಿಸಬೇಕು. ಹಳೆಯ ಚಾವಣಿಯನ್ನು ತೆಗೆದು ಗಟ್ಟಿ ಚಾವಣಿ ಹಾಕಿಸುವುದಾದರೆ ಮೊದಲಿನ ಚೌಕಟ್ಟೂ ಅಡಿಪಾಯವೂ ಆ ಭಾರವನ್ನು ಹೊರಬಲ್ಲವೇ ಎಂದು ಪರೀಕ್ಷಿಸಿ ಕಟ್ಟಡ ನಿಯಮಗಳ ಪಾಲನೆಯನ್ನು ನೋಡಿಕೊಳ್ಳುವ ಬಿಲ್ಡಿಂಗ್ ಕಂಟ್ರೋಲಿನ ಒಪ್ಪಿಗೆ ಪಡೆಯಬೇಕಾಗುತ್ತದೆ. ಕನ್ಸರ್ವೇಟರಿಗೆ ತಾಗಿದ ಮನೆಯ ಕೋಣೆಗೆ ಬರುತ್ತಿದ್ದ ಬೆಳಕೂ ತಗ್ಗುತ್ತದೆ. ವರ್ಷವಿಡೀ ಬಳಸುವವರಿಗೆ ನಾನು ಗಟ್ಟಿ ಚಾವಣಿಯ ಪರ. ಗಿಡ ಬೆಳೆಸುವವರಿಗೆ ಖಂಡಿತ ಅಲ್ಲ.

[ದೃಶ್ಯ: ಮನೆಗೂ ಗಾಜಿನ ಕೋಣೆಗೂ ನಡುವಿನ ಬಾಗಿಲು]

ಬಾಗಿಲುಗಳಲ್ಲಿ ಬಹಳ ಮುಖ್ಯವಾದದ್ದು ತೋಟದ ಕಡೆಯದಲ್ಲ, ಈ ನಡುವಿನದು. ನೆಲಮಟ್ಟದಲ್ಲಿದ್ದು 30 ಚದರ ಮೀಟರಿಗಿಂತ ಕಡಿಮೆ ವಿಸ್ತೀರ್ಣದ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಸಿಗಬೇಕಾದರೆ ಮನೆಯ ಹೊರಬಾಗಿಲಿನ ಗುಣಮಟ್ಟದ ಬಾಗಿಲು ಅಲ್ಲಿ ಇರಲೇಬೇಕು. ಜಾಗ ವಿಶಾಲವಾಗಲೆಂದು ಅದನ್ನು ಕಿತ್ತುಹಾಕಿದರೆ ವಿನಾಯಿತಿಯೂ ಹೋಗುತ್ತದೆ, ಮನೆಯ ಶಾಖವೂ ಹೋಗುತ್ತದೆ.

ತೋಟದ ಕಡೆಗೆ, ಎರಡು ಮೀಟರಿನೊಳಗಿನ ತೆರವಿಗೆ ಎರಡು ರೆಕ್ಕೆಯ ಫ್ರೆಂಚ್ ಬಾಗಿಲು ಸಾಕು. ಹೊರಕ್ಕೆ ತೆರೆಯುವ ರೆಕ್ಕೆಗಳಿಗೆ ಜಾಗವಿದ್ದರಾಯಿತು. ಮಡಚುವ ಬೈಫೋಲ್ಡ್ ಪೂರ್ತಿ ತೆರೆದಾಗ ಬಹಳ ಚೆನ್ನ, ಆದರೆ ಈ ದೇಶದಲ್ಲಿ ಅದು ವರ್ಷದ ಬಹುಪಾಲು ಮುಚ್ಚಿಯೇ ಇರುತ್ತದೆ, ಮುಚ್ಚಿದಾಗ ಕಾಣುವುದು ಸಾಲುಸಾಲು ಚೌಕಟ್ಟು. ಎರಡು ರೆಕ್ಕೆಯ ಸ್ಲೈಡಿಂಗ್ ಬಾಗಿಲು ಅರ್ಧ ಮಾತ್ರ ತೆರೆದರೂ ನೋಟವನ್ನು ಅಷ್ಟಾಗಿ ತುಂಡರಿಸುವುದಿಲ್ಲ. ಯಾವುದೇ ಆದರೂ ನೆಲದಿಂದ 1.5 ಮೀಟರ್ ಎತ್ತರದವರೆಗೆ ಬಾಗಿಲಿನ ಗಾಜು ಸುರಕ್ಷತಾ ಗಾಜಾಗಿರಬೇಕು.

ಕೊನೆಗೆ ಹೊಸ್ತಿಲು. ರಂಗೋಲಿ ಇಡಲು ಎತ್ತರದ ಹೊಸ್ತಿಲೇ ಬೇಕೆನ್ನುವವರಿಗೆ ಮಳೆನೀರಿನ ಚಿಂತೆ ಕಡಿಮೆ. ವಯಸ್ಸಾದ ತಂದೆತಾಯಿಯರು ಎಡವಬಾರದೆಂದು ನೆಲಕ್ಕೆ ಸಮನಾಗಿಸುವವರು ಬಾಗಿಲಿನ ಹೊರಗೆ ನೀರು ಹರಿಯುವ ಕಾಲುವೆಯನ್ನು, ಅದರ ಮೇಲಿನ ಜಾಲರಿಯ ಸಮೇತ, ಕೊಟೇಶನ್ನಿನಲ್ಲಿಯೇ ಬರೆಸಿಕೊಳ್ಳಬೇಕು.